ಮೂರನೇ ಕೀಪರ್‌ನ ಮಣಿಕಟ್ಟು: ಒಂದು ಪ್ರಕರಣ ಅಧ್ಯಯನ

ಫುಟ್‌ಬಾಲ್‌ನಲ್ಲಿ ಉಳಿದ ಹತ್ತು ಜನರನ್ನು ಕೋಚ್ ಅತ್ತಿತ್ತ ಮಾಡಬಹುದು. ಲೆಫ್ಟ್ ಬ್ಯಾಕ್ ಆಡುವವನನ್ನು ನಡುವೆ ನಿಲ್ಲಿಸಬಹುದು, ಸ್ಟ್ರೈಕರ್‌ನನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸಬಹುದು. ಗೋಲ್‌ಕೀಪರ್‌ಗೆ ಇದ್ಯಾವುದೂ ಇಲ್ಲ. ಇರುವುದು ಒಂದೇ ಜಾಗ. ಅಲ್ಲಿ ನಿಂತವನಿಗೆ ಗಾಯವಾಗಬೇಕು, ರೆಡ್ ಕಾರ್ಡ್ ಸಿಗಬೇಕು, ಇಲ್ಲವೇ ಆಟ ಪೂರ್ತಿ ಕೈಕೊಡಬೇಕು. ಆಗಷ್ಟೇ ಎರಡನೆಯವನ ಸರದಿ. ಮೂರನೆಯವನ ಸರದಿಗೆ ಇಂಥದ್ದು ಎರಡು ಸಲ ಆಗಬೇಕು.

ಈ ಪ್ರಕರಣ ಅಂಥ ಒಬ್ಬ ಮೂರನೇ ಕೀಪರ್‌ನದು. ರಾಜು ಎಂದು ಕರೆಯೋಣ. ಅದು ಅವನ ಹೆಸರಲ್ಲ. ಗುರುತು ಸಿಗಬಾರದೆಂದು ಮನೆಯ ಮತ್ತು ಕ್ಲಬ್‌ನ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಾನು ಕೀಪರ್‌ಗಳಿಗೆ ತರಬೇತಿ ಕೊಡುವವನು. ಅವನು ಹದಿಹರೆಯದಲ್ಲಿ ನನ್ನ ಬಳಿ ಕಲಿತ. ಸೀಸನ್ ಇಲ್ಲದ ದಿನಗಳಲ್ಲಿ ಈಗಲೂ ಬರುತ್ತಾನೆ.

ಹಿನ್ನೆಲೆ

ಬೆಂಗಳೂರಿನಲ್ಲಿ ಫುಟ್‌ಬಾಲ್ ಎಲ್ಲ ಕಡೆ ಒಂದೇ ತರ ಇಲ್ಲ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಕಡೆ ಹೋದರೆ ಕ್ರಿಕೆಟ್‌ಗಿಂತ ಫುಟ್‌ಬಾಲ್ ಜಾಸ್ತಿ. ಇಂಥ ಒಂದು ಏರಿಯಾದಲ್ಲೇ ರಾಜು ಬೆಳೆದ. ಅಪ್ಪ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರ ಕಾಲದಲ್ಲಿ ನಗರದ ಒಳ್ಳೆಯ ಆಟಗಾರರೆಲ್ಲ ಇಂಥ ಕಾರ್ಖಾನೆ ಮತ್ತು ಇಲಾಖೆಗಳ ತಂಡಗಳಲ್ಲೇ ಇದ್ದರು. ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಲ್‌ಆರ್‌ಡಿಇ ಹೀಗೆ. ಎಚ್‌ಎಎಲ್ ಅಂತೂ ದೇಶದ ಕ್ಲಬ್‌ಗಳ ಲೀಗ್ ಆದ ಐ-ಲೀಗ್‌ವರೆಗೆ ಹೋಗಿತ್ತು. ಚೆನ್ನಾಗಿ ಆಡಿದರೆ ನೌಕರಿ, ನೌಕರಿ ಇದ್ದರೆ ಮದುವೆ. ಅಪ್ಪನಿಗೆ ಗೊತ್ತಿದ್ದ ಫುಟ್‌ಬಾಲ್ ಅದು.

ರಾಜು ಮೊದಲು ಫಾರ್ವರ್ಡ್ ಆಡುತ್ತಿದ್ದ. ಒಂದೇ ಬೇಸಿಗೆಯಲ್ಲಿ ಎತ್ತರ ಬೆಳೆದ, ಗೋಲಿಗೆ ಹೋದ. ಕೈ ಚೆನ್ನಾಗಿತ್ತು. ಚೆಂಡನ್ನು ತಳ್ಳಿಬಿಡುವ ಬದಲು ಹಿಡಿಯುವ ಅಭ್ಯಾಸ ಅವನಿಗೆ ಮೊದಲಿಂದಲೂ ಇತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಬೆಂಗಳೂರಿನ ಲೀಗ್‌ನ ಕೆಳಗಿನ ಡಿವಿಷನ್‌ಗಳಲ್ಲಿ ಆಡಿ ಅದರ ಮೇಲಿನ ಹಂತವಾದ ಸೂಪರ್ ಡಿವಿಷನ್‌ಗೆ ಬಂದ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಕೃತಕ ಹುಲ್ಲಿನ ಮೇಲೆ ಒಂದು ಡಿಪಾರ್ಟ್‌ಮೆಂಟ್ ತಂಡದ ಪರ ಪೂರ್ತಿ ಸೀಸನ್ ಆಡಿದ. ಆಗ ಅವನು ಸ್ಟೈಪೆಂಡ್ ಆಟಗಾರ. ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ, ಕಾಯಂ ನೌಕರಿ ಆಮೇಲೆ ನೋಡೋಣ ಅನ್ನುತ್ತಾರೆ.

2020ರಲ್ಲಿ ಹೊರ ರಾಜ್ಯದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್ ಒಂದು ಅವನನ್ನು ಕರೆಯಿತು. ಮೂರು ವರ್ಷದ ಕರಾರು, ಮೂರನೇ ಕೀಪರ್ ಜಾಗ.

ಆ ಕರೆಯ ಹಿಂದೆ ಒಂದು ಕಾರಣ ಇದೆ. 2014ರಲ್ಲಿ ಐಎಸ್‌ಎಲ್ ಶುರುವಾದಾಗ ಒಂದು ತಂಡದ ಆರು ಜನ ವಿದೇಶಿಯರು ಮೈದಾನದಲ್ಲಿರಬಹುದಿತ್ತು. ಹಲವು ತಂಡಗಳ ಗೋಲಿನಲ್ಲಿ ವಿದೇಶಿ ಕೀಪರ್‌ಗಳೇ ಇದ್ದರು. ಇಂಗ್ಲೆಂಡ್‌ನ ಡೇವಿಡ್ ಜೇಮ್ಸ್ ಕೇರಳದ ಗೋಲು ಕಾದದ್ದು ಆ ವರ್ಷವೇ. 2017ಕ್ಕೆ ಆ ಮಿತಿ ಐದಕ್ಕೆ ಇಳಿಯಿತು, 2021ಕ್ಕೆ ನಾಲ್ಕಕ್ಕೆ. ಇರುವ ಕೆಲವೇ ವಿದೇಶಿ ಜಾಗಗಳನ್ನು ಕೀಪರ್‌ಗೆ ಯಾರು ಕೊಡುತ್ತಾರೆ? ಅವು ಸ್ಟ್ರೈಕರ್‌ಗೆ, ಸೆಂಟರ್ ಬ್ಯಾಕ್‌ಗೆ ಹೋದವು. ಭಾರತೀಯ ಕೀಪರ್‌ಗಳಿಗೆ ಬಾಗಿಲು ತೆರೆಯಿತು. ಪ್ರತಿ ಕ್ಲಬ್‌ಗೆ ಮೂವರು ಬೇಕು. ಆದರೆ ಆಡುವವನು ಒಬ್ಬ.

ಸಮಸ್ಯೆ

ಮೊದಲ ಎರಡು ಸೀಸನ್ ಕೊರೋನಾ ಕಾಲದವು. ಲೀಗ್ ಪೂರ್ತಿ ಗೋವಾದಲ್ಲಿ, ಹೊರಗಿನವರ ಸಂಪರ್ಕವೇ ಇಲ್ಲದ ಬಯೋ ಬಬಲ್ ಒಳಗೆ ನಡೆಯಿತು. ಹೋಟೆಲ್, ಬಸ್ಸು, ಮೈದಾನ, ಮತ್ತೆ ಹೋಟೆಲ್. ಪಂದ್ಯದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇಬ್ಬರು ಕೀಪರ್‌ಗಳ ಹೆಸರಿರುತ್ತದೆ. ಮೂರನೆಯವನು ಗ್ಯಾಲರಿಯಲ್ಲಿ. ಬೇರೆ ಕಾಲದಲ್ಲಾದರೆ ರಿಸರ್ವ್ ತಂಡದಲ್ಲೋ ಸಣ್ಣ ಟೂರ್ನಿಯಲ್ಲೋ ಆಡಿಸುತ್ತಿದ್ದರು. ಆಗ ಅದೂ ಇರಲಿಲ್ಲ. ಎರಡು ಸೀಸನ್‌ನಲ್ಲಿ ರಾಜು ಒಂದೂ ಅಧಿಕೃತ ಪಂದ್ಯ ಆಡಲಿಲ್ಲ.

ತರಬೇತಿಯಲ್ಲಿ ಮಾತ್ರ ಬಿಡುವಿಲ್ಲದ ಕೆಲಸ. ಮೊದಲ ಕೀಪರ್‌ಗೆ ಆಯಾಸ ಆಗಬಾರದು ಅಂತ ಸ್ಟ್ರೈಕರ್‌ಗಳ ಶೂಟಿಂಗ್ ಅಭ್ಯಾಸಕ್ಕೆ ಮೂರನೆಯವನನ್ನೇ ನಿಲ್ಲಿಸುತ್ತಾರೆ. ದಿನಕ್ಕೆ ನೂರಾರು ಹೊಡೆತ, ಹತ್ತಿರದಿಂದ. ಮೈ ಸವೆಯುತ್ತದೆ, ಆದರೆ ಪಂದ್ಯದ ಬುದ್ಧಿ ಬೆಳೆಯುವುದಿಲ್ಲ. ಕಾರ್ನರ್‌ಗೆ ಹೊರಗೆ ಬರಬೇಕೋ ಗೆರೆಯ ಮೇಲೇ ನಿಲ್ಲಬೇಕೋ ಎಂಬುದನ್ನು ಶೂಟಿಂಗ್ ಅಭ್ಯಾಸ ಕಲಿಸಲಾರದು. ಅದಕ್ಕೆ ಗೋಲಿನ ಮುಂದಿನ ಆರು ಗಜದೊಳಗೆ ಹತ್ತು ಜನ ನೂಕಾಡುತ್ತಿರಬೇಕು, ಸ್ಕೋರ್ 1–1 ಇರಬೇಕು.

ಇದನ್ನು ನಾನು ಹೇಳಿದಾಗ ರಾಜುವಿನ ಉತ್ತರ ಸಿದ್ಧವಿತ್ತು. "ಗುರುಪ್ರೀತ್ ಅಣ್ಣನೂ ನಾರ್ವೆಯಲ್ಲಿ ಬೆಂಚಲ್ಲೇ ಕೂತಿದ್ರಲ್ವಾ ಸರ್?" ನಿಜ. ಕೀಪರ್ ಗುರುಪ್ರೀತ್ ಸಿಂಗ್ ಸಂಧು 2014ರಲ್ಲಿ ಅಲ್ಲಿನ ಸ್ಟಾಬೆಕ್ ಕ್ಲಬ್ ಸೇರಿದರು, ಲೀಗ್ ಪಂದ್ಯಕ್ಕೆ ಇಳಿದದ್ದು 2016ರಲ್ಲಿ. ಆದರೆ ಹೋಗುವ ಮೊದಲೇ ಅವರು ಈಸ್ಟ್ ಬೆಂಗಾಲ್‌ಗೆ ಆಡಿದ್ದರು, ಭಾರತ ತಂಡದಲ್ಲಿದ್ದರು. ಅವರು ಬೆಂಚಿಗೆ ಹೋದದ್ದು ಆಟ ಗೊತ್ತಿದ್ದ ಮೇಲೆ. ರಾಜು ಹೋದದ್ದು ಆಟ ಕಲಿಯಬೇಕಾದ ವಯಸ್ಸಿನಲ್ಲಿ. ನಮ್ಮ ಹುಡುಗರು ಈ ಉದಾಹರಣೆಯನ್ನು ಅರ್ಧ ಮಾತ್ರ ಓದಿಕೊಂಡಿರುತ್ತಾರೆ.

ಇನ್ನೊಂದು ತೊಡಕು ಕಾಗದದ್ದು. ಕ್ರೀಡಾ ಕೋಟಾದ ಸರ್ಕಾರಿ ನೌಕರಿಗೆ ರಾಜ್ಯದ ಪರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆಡಿದ ಪ್ರಮಾಣಪತ್ರ ಬೇಕು. ಫುಟ್‌ಬಾಲ್‌ನಲ್ಲಿ ಹೆಚ್ಚಿನವರಿಗೆ ಅದು ಸಿಗುವುದು ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯಿಂದ. ವಿಶ್ವವಿದ್ಯಾಲಯದ ಪರ ಆಡಿದ್ದೂ ನಡೆಯುತ್ತದೆ, ಆದರೆ ರಾಜು ಪಿಯುಸಿಗೇ ಓದು ಬಿಟ್ಟಿದ್ದ. ಕ್ಲಬ್‌ನ ಬೆಂಚಿನಲ್ಲಿ ಕೂತದ್ದಕ್ಕೆ ಈ ಲೆಕ್ಕದಲ್ಲಿ ಬೆಲೆ ಇಲ್ಲ. ಕೆಲವು ಇಲಾಖೆಗಳು ಇತ್ತೀಚಿನ ಎರಡು–ಮೂರು ವರ್ಷದ ಸಾಧನೆಯನ್ನಷ್ಟೇ ನೋಡುತ್ತವೆ. ಅಂದರೆ ಐಎಸ್‌ಎಲ್ ಜೆರ್ಸಿ ತೊಟ್ಟು ಮೂರು ವರ್ಷ ಕೂತವನಿಗಿಂತ ರಾಜ್ಯ ತಂಡಕ್ಕೆ ಒಂದು ವರ್ಷ ಆಡಿದವನಿಗೆ ನೌಕರಿ ಸಿಗುವ ಸಾಧ್ಯತೆ ಹೆಚ್ಚು. ಕರಾರಿಗೆ ಸಹಿ ಹಾಕುವಾಗ ರಾಜುವಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಇಪ್ಪತ್ತರ ಹುಡುಗ ಕೇಳುತ್ತಿದ್ದನೇ ಅನ್ನುವುದು ಬೇರೆ ಮಾತು.

ಮೂರನೇ ಸೀಸನ್, 2022–23. ಬಬಲ್ ಮುಗಿದಿತ್ತು, ತಂಡಗಳು ಊರೂರು ಸುತ್ತತೊಡಗಿದ್ದವು. ರಾಜ್ಯ ತಂಡದ ಕ್ಯಾಂಪ್‌ಗೆ ಹೋಗಲು ರಾಜು ಕ್ಲಬ್‌ನ ಅನುಮತಿ ಕೇಳಿದ. ಕ್ಲಬ್ ಒಪ್ಪಲಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಗಾಯವಾದರೆ ಏನು ಮಾಡುವುದು ಎಂಬುದು ಅವರ ವಾದ, ಅದು ತಪ್ಪೂ ಅಲ್ಲ. ಆ ಸಲದ ಸಂತೋಷ್ ಟ್ರೋಫಿಯನ್ನು ಕರ್ನಾಟಕವೇ ಗೆದ್ದಿತು. 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ. 1968–69ರ ನಂತರ ಮೊದಲ ಸಲ. ರಾಜು ಜೊತೆ ಸೂಪರ್ ಡಿವಿಷನ್ ಆಡಿದ ಹುಡುಗರು ಆ ತಂಡದಲ್ಲಿದ್ದರು.

ಮಣಿಕಟ್ಟು

ಅಷ್ಟರಲ್ಲಿ ಬೇರೊಂದು ಘಟನೆ ನಡೆದಿತ್ತು. ಮೊದಲ ಕೀಪರ್‌ಗೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡಿತು. ಎರಡನೆಯವನು ಗೋಲಿಗೆ ಹೋದ, ರಾಜು ಬೆಂಚಿಗೆ ಬಂದ. ಅದೇ ವಾರ ತರಬೇತಿಯಲ್ಲಿ ಹತ್ತಿರದಿಂದ ಬಂದ ಒಂದು ಹೊಡೆತ ಅವನ ಬಲ ಅಂಗೈಯ ಬುಡಕ್ಕೆ ಬಡಿದು, ಕೈ ಹಿಂದಕ್ಕೆ ಮಡಚಿತು. ಹೆಬ್ಬೆರಳಿನ ಬುಡದಲ್ಲಿ ನೋವು. ಊತ ಹೆಚ್ಚಿರಲಿಲ್ಲ.

ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ನಿರ್ಧಾರ ಆ ಸಂಜೆಯದು. ರಾಜು ಕ್ಲಬ್‌ನ ಫಿಸಿಯೋಗೆ ಹೇಳಲಿಲ್ಲ. ಎರಡು ವರ್ಷ ಕಾದ ಮೇಲೆ ಬೆಂಚಿಗೆ ಬಂದವನು, ಇನ್ನೊಬ್ಬನಿಗೆ ಏನಾದರೂ ಆದರೆ ತಾನೇ ಆಡುವವನು. ಈಗ ಕೈ ನೋವು ಅಂದರೆ ಅಂಡರ್-18 ತಂಡದಿಂದ ಇನ್ನೊಬ್ಬನನ್ನು ಕರೆಸುತ್ತಾರೆ. ಹಾಗಾಗಿ ಹೋಟೆಲ್ ಹತ್ತಿರದ ಒಂದು ಕ್ಲಿನಿಕ್‌ಗೆ ತಾನೇ ಹೋಗಿ ಎಕ್ಸ್‌ರೇ ತೆಗೆಸಿದ. ಮೂಳೆ ಮುರಿದಂತೆ ಕಾಣಲಿಲ್ಲ. ಉಳುಕು ಅಂದರು. ನೋವಿನ ಮಾತ್ರೆ, ಬ್ಯಾಂಡೇಜು.

ಆ ಜಾಗದಲ್ಲಿ ಸ್ಕ್ಯಾಫಾಯ್ಡ್ ಎಂಬ ಗೋಡಂಬಿ ಆಕಾರದ ಪುಟ್ಟ ಮೂಳೆ ಇದೆ. ಹೆಬ್ಬೆರಳನ್ನು ನೆಟ್ಟಗೆ ಎತ್ತಿದರೆ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ಲ, ಅದರ ತಳದಲ್ಲಿ. ಕೈ ಚಾಚಿ ಬಿದ್ದಾಗ, ಅಂಗೈ ಹಿಂದಕ್ಕೆ ಮಡಚಿದಾಗ ಮುರಿಯುವುದು ಹೆಚ್ಚಾಗಿ ಇದೇ. ಮುರಿದರೂ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದು ಅಪರೂಪವಲ್ಲ. ಆ ಗುಳಿಯಲ್ಲಿ ಒತ್ತಿದಾಗ ನೋವಿದ್ದರೆ ಮುರಿದಿದೆ ಎಂದೇ ಭಾವಿಸಿ ಕೈ ಕಟ್ಟಬೇಕು. ಹತ್ತು–ಹದಿನಾಲ್ಕು ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯಬೇಕು, ಅಥವಾ ಎಂಆರ್‌ಐ ಮಾಡಿಸಬೇಕು. ಇನ್ನೊಂದು ಫಜೀತಿ ಅಂದರೆ, ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ತೋಳಿನ ಕಡೆಯ ತುಂಡಿಗೆ ರಕ್ತ ಸರಿಯಾಗಿ ತಲುಪದು. ಹಾಗೇ ಬಿಟ್ಟರೆ ಕೂಡಿಕೊಳ್ಳದೇ ಉಳಿಯಬಹುದು. ವರ್ಷಗಳು ಕಳೆದಂತೆ ಮಣಿಕಟ್ಟಿನ ಕೀಲೇ ಸವೆಯಬಹುದು.

ಕ್ಲಬ್‌ನ ಫಿಸಿಯೋ ನೋಡಿದ್ದರೆ ಆ ಗುಳಿಯನ್ನು ಒತ್ತಿ ನೋಡುತ್ತಿದ್ದರು ಎಂಬುದು ನನ್ನ ನಂಬಿಕೆ. ಕೀಪರ್‌ಗಳ ಜೊತೆ ಕೆಲಸ ಮಾಡುವವರಿಗೆ ಅದು ಮೊದಲ ಪಾಠ.

ರಾಜು ಏನೇನು ಮಾಡಿದ? ಗ್ಲೌಸ್ ಒಳಗೆ ಬಿಗಿಯಾಗಿ ಟೇಪ್ ಸುತ್ತಿದ. ಪಂದ್ಯಕ್ಕೆ, ಅಭ್ಯಾಸಕ್ಕೆ ಮೊದಲು ಮಾತ್ರೆ ನುಂಗಿದ. ಮುಖ್ಯವಾಗಿ, ಆಡುವ ರೀತಿಯನ್ನೇ ಬದಲಿಸಿಕೊಂಡ. ಮೊದಲೆಲ್ಲ ಹಿಡಿಯುತ್ತಿದ್ದ ಚೆಂಡನ್ನು ಈಗ ತಳ್ಳತೊಡಗಿದ, ಎತ್ತರದ ಚೆಂಡಿಗೆ ಪಂಚ್ ಮಾಡತೊಡಗಿದ. ಬಲಗೈಗೆ ಬರಬೇಕಾದ ಚೆಂಡಿಗೂ ಎಡಗೈ ದಾಟಿಸಿ ಹೋಗುತ್ತಿದ್ದ. ಯಾರಿಗೂ ಅನುಮಾನ ಬರಲಿಲ್ಲ, ಯಾಕೆಂದರೆ ಮೂರನೇ ಕೀಪರ್ ಹೇಗೆ ಆಡುತ್ತಾನೆ ಎಂದು ಯಾರು ಗಮನ ಕೊಟ್ಟು ನೋಡುತ್ತಾರೆ?

ಕೊನೆಗೂ ಅವಕಾಶ ಬಂತು. ಎರಡನೆಯವನಿಗೆ ಕಾರ್ಡ್‌ಗಳಿಂದ ನಿಷೇಧ, ಮೊದಲನೆಯವನು ಇನ್ನೂ ಸುಧಾರಿಸಿಕೊಂಡಿರಲಿಲ್ಲ. ರಾಜು ಒಂದು ಪಂದ್ಯ ಆಡಿದ. ಮೊದಲರ್ಧದಲ್ಲಿ ಒಳ್ಳೆಯದೊಂದು ಸೇವ್ ಕೂಡ ಆಯಿತು. ಎರಡನೇ ಅರ್ಧದಲ್ಲಿ ದೂರದಿಂದ ಬಂದ, ಅಷ್ಟೇನೂ ಜೋರಿಲ್ಲದ ಕೆಳಮಟ್ಟದ ಹೊಡೆತ. ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಳ್ಳಬೇಕಾದ ಚೆಂಡು. ಅವನು ತಳ್ಳಿದ. ಬಲ ಮಣಿಕಟ್ಟು ಸೋತಿತು, ಚೆಂಡು ಬದಿಗೆ ಹೋಗುವ ಬದಲು ಎದುರಿಗೇ ಬಿತ್ತು. ಎದುರಾಳಿ ಸ್ಟ್ರೈಕರ್ ಅಲ್ಲೇ ಇದ್ದ. ತಂಡ ಸೋತಿತು. ಮುಂದಿನ ಪಂದ್ಯದಿಂದ ಅವನು ಪಟ್ಟಿಯಲ್ಲೇ ಇರಲಿಲ್ಲ.

ಏನು ಮಾಡಿದೆವು

ಸೀಸನ್ ಮುಗಿದು ರಾಜು ಬೆಂಗಳೂರಿಗೆ ಬಂದ. ಸುಮ್ನೆ ಫಿಟ್ ಆಗಿರೋಣ ಅಂತ ನನ್ನ ಬಳಿ ಅಭ್ಯಾಸಕ್ಕೆ ಬಂದಾಗಲೂ ಕೈಯ ವಿಷಯ ಎತ್ತಲಿಲ್ಲ. ಅದು ಗೊತ್ತಾದದ್ದು ಅವನ ಗ್ಲೌಸ್‌ನಿಂದ. ಕೀಪರ್ ಗ್ಲೌಸ್‌ನ ಅಂಗೈಯಲ್ಲಿ ಲ್ಯಾಟೆಕ್ಸ್ ಪದರ ಇರುತ್ತದೆ. ಬೇಗ ಸವೆಯುವ ವಸ್ತು ಅದು, ಕೃತಕ ಹುಲ್ಲಿನಲ್ಲಂತೂ ಇನ್ನೂ ಬೇಗ. ಬಲಗೈ ಆಟಗಾರನಿಗೆ ಸಾಮಾನ್ಯವಾಗಿ ಎರಡೂ ಸವೆಯುತ್ತವೆ, ಬಲದ್ದು ತುಸು ಹೆಚ್ಚು. ಇವನದು ಎಡ ಅಂಗೈ ಚಿಂದಿ, ಬಲ ಅಂಗೈ ಹೆಚ್ಚುಕಡಿಮೆ ಹೊಸದು. ಕೇಳಿದೆ. ಮೊದಲು ಏನೂ ಇಲ್ಲ ಅಂದ. ಹೆಬ್ಬೆರಳ ಬುಡದ ಗುಳಿಯನ್ನು ಒತ್ತಿದೆ. ಆಮೇಲೆ ಹೇಳಲು ಏನೂ ಉಳಿದಿರಲಿಲ್ಲ.

ಎಂಆರ್‌ಐ, ಸಿಟಿ ಸ್ಕ್ಯಾನ್ ಎರಡೂ ಆದವು. ಮುರಿದ ಮೂಳೆ ಕೂಡಿಕೊಂಡಿರಲಿಲ್ಲ. ಸೊಂಟದ ಮೂಳೆಯಿಂದ ಚೂರು ತೆಗೆದು ಕಸಿ ಮಾಡಿ, ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆ ಬೇಕೆಂದು ಕೈಯ ತಜ್ಞರು ಹೇಳಿದರು.

ಕರಾರು ಮೇ 31ಕ್ಕೆ ಮುಗಿಯುತ್ತಿತ್ತು. ಖರ್ಚು ಕ್ಲಬ್ ಕೊಡಬೇಕು ಎಂದು ಕೇಳಿದ. ಗಾಯ ತರಬೇತಿಯಲ್ಲೇ ಆದದ್ದು ಎಂಬುದಕ್ಕೆ ದಾಖಲೆ ಏನಿದೆ ಎಂದು ಅವರು ಕೇಳಿದರು. ಇದ್ದದ್ದು ಹೊರಗಿನ ಕ್ಲಿನಿಕ್‌ನ ಒಂದು ರಸೀದಿ, ಅದೂ ಮುರಿದಿಲ್ಲ ಎಂದು ಹೇಳುವಂಥದ್ದು. ಫಿಸಿಯೋ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಗುಟ್ಟಾಗಿಟ್ಟದ್ದರಿಂದ ಚಿಕಿತ್ಸೆಯೂ ತಪ್ಪಿತು, ಹಕ್ಕೂ ತಪ್ಪಿತು. ಅಪ್ಪ ಪಿಎಫ್‌ನಿಂದ ಹಣ ತೆಗೆದರು. ಉಳಿದದ್ದಕ್ಕೆ ಏರಿಯಾದ ಹಳೆಯ ಆಟಗಾರರು ಸೇರಿ ಒಂದು ಟೂರ್ನಿ ನಡೆಸಿ ಕೂಡಿಸಿದರು.

ಶಸ್ತ್ರಚಿಕಿತ್ಸೆ ಆದ ಮೇಲೆ ತಿಂಗಳುಗಟ್ಟಲೆ ಚೆಂಡು ಮುಟ್ಟುವಂತಿಲ್ಲ. ಕೈ ಇಲ್ಲದ ಕೀಪರ್‌ಗೆ ಏನು ಕಲಿಸುವುದು? ಕಾಲು ಕಲಿಸಿದೆವು. ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟಬಾರದು ಎಂಬ ನಿಯಮ 1992ರಲ್ಲಿ ಬಂತು. ಅಲ್ಲಿಂದ ಮುಂದೆ ಕೀಪರ್ ಕೂಡ ಪಾಸ್ ಕೊಡಲೇಬೇಕಾದವನು. ರಾಜುವಿನ ಎಡಗಾಲು ದುರ್ಬಲವಾಗಿತ್ತು. ಅದರ ಮೇಲೆ ಕೆಲಸ ಮಾಡಿದೆವು. ಜೊತೆಗೆ ನಿಲ್ಲುವ ಜಾಗದ ಅಭ್ಯಾಸ. 7.32 ಮೀಟರ್ ಅಗಲದ ಗೋಲಿನಲ್ಲಿ ಚೆಂಡು ಒಂದು ಹೆಜ್ಜೆ ಸರಿದರೆ ತಾನು ಎಷ್ಟು ಸರಿಯಬೇಕು ಎಂಬ ಲೆಕ್ಕಕ್ಕೆ ಕೈ ಬೇಡ. ಹಳೆಯ ಪಂದ್ಯಗಳ ವಿಡಿಯೋ ಹಾಕಿ, ಕಾರ್ನರ್ ಹೊಡೆಯುವ ಕ್ಷಣಕ್ಕೆ ನಿಲ್ಲಿಸಿ, "ಬರ್ತೀಯಾ, ನಿಲ್ತೀಯಾ?" ಅಂತ ಕೇಳುತ್ತಿದ್ದೆ. ಮೊದಮೊದಲು ಅವನ ಉತ್ತರಗಳು ಕೆಟ್ಟದಾಗಿದ್ದವು. ಎರಡು ವರ್ಷ ಗ್ಯಾಲರಿಯಲ್ಲಿ ಕೂತು ಪಂದ್ಯ ನೋಡಿದ್ದ, ಆದರೆ ಕೀಪರ್‌ನ ಕಣ್ಣಿಂದ ನೋಡಿರಲಿಲ್ಲ.

ಮೂಳೆ ಕೂಡಿಕೊಂಡಿದೆ ಎಂದು ಸಿಟಿ ಸ್ಕ್ಯಾನ್‌ನಲ್ಲಿ ಖಚಿತವಾದ ಮೇಲೆಯೇ ಗ್ಲೌಸ್ ಹಾಕಿದ. ಮೊದಲು ಟೆನಿಸ್ ಚೆಂಡು, ಆಮೇಲೆ ಕೈಯಿಂದ ಎಸೆದ ಫುಟ್‌ಬಾಲ್, ಕೊನೆಗೆ ಕಾಲಿನ ಹೊಡೆತ. ಮಣಿಕಟ್ಟು ಮೊದಲಿನಷ್ಟು ಹಿಂದಕ್ಕೆ ಬಾಗುವುದಿಲ್ಲ, ಇನ್ನು ಬಾಗುವುದೂ ಇಲ್ಲ. ಹಿಡಿಯುವ ಅಭ್ಯಾಸ ಮರಳಿ ಬರಲು ಮೂಳೆಗಿಂತ ಹೆಚ್ಚು ಸಮಯ ಬೇಕಾಯಿತು. ನೋವು ಹೋದ ಮೇಲೂ ಅವನು ತಳ್ಳುತ್ತಲೇ ಇದ್ದ.

ಮೂರು ದಾರಿ

2024ಕ್ಕೆ ಅವನ ಮುಂದೆ ಮೂರು ಆಯ್ಕೆ ಇದ್ದವು. ಇನ್ನೊಂದು ಐಎಸ್‌ಎಲ್ ಕ್ಲಬ್, ಒಂದು ವರ್ಷ, ಮತ್ತೆ ಮೂರನೇ ಕೀಪರ್. ದುಡ್ಡು ಅಲ್ಲೇ ಹೆಚ್ಚು. ಐ-ಲೀಗ್‌ನ ಒಂದು ಕ್ಲಬ್, ಎರಡನೇ ಕೀಪರ್, ಆಡಿಸುವ ಬಗ್ಗೆ ಬಾಯಿಮಾತಿನ ಭರವಸೆ. ಮತ್ತೆ ಬೆಂಗಳೂರಿನ ಸೂಪರ್ ಡಿವಿಷನ್ ತಂಡ. ಮೂರರಲ್ಲಿ ದುಡ್ಡು ಇಲ್ಲೇ ಎಲ್ಲಕ್ಕಿಂತ ಕಡಿಮೆ, ಆದರೆ ಮೊದಲ ಕೀಪರ್.

ಮನೆಯಲ್ಲಿ ಜಗಳವೇ ಆಯಿತು. ಅಪ್ಪನಿಗೆ ಸೂಪರ್ ಡಿವಿಷನ್ ಬೇಕು, ಅಲ್ಲಿಂದ ನೌಕರಿ. ಅಕ್ಕನಿಗೆ ಐಎಸ್‌ಎಲ್ ಬೇಕು, ಸಾಲ ತೀರಬೇಕಲ್ಲ. ರಾಜುವಿಗೆ ಹಿಂದಕ್ಕೆ ಹೋದ ಹಾಗೆ ಅನ್ನಿಸುತ್ತಿತ್ತು. ಟಿವಿಯಲ್ಲಿ ಬಂದವನು ಮತ್ತೆ ಅಶೋಕನಗರದ ಗ್ಯಾಲರಿ ಮುಂದೆ ನಿಂತರೆ ಜನ ಏನಂದುಕೊಳ್ಳುತ್ತಾರೆ?

ನಾನು ಅವನಿಗೆ ಒಂದೇ ಕೆಲಸ ಕೊಟ್ಟೆ. ಪ್ರತಿ ಆಯ್ಕೆಯ ಮುಂದೆ, ಮುಂದಿನ ಹನ್ನೆರಡು ತಿಂಗಳಲ್ಲಿ ಅಂದಾಜು ಎಷ್ಟು ನಿಮಿಷ ಆಡುತ್ತೀಯ ಎಂದು ಬರೆ. ಆಸೆಯಿಂದಲ್ಲ, ಆ ತಂಡ ಹಿಂದಿನ ಎರಡು ಸೀಸನ್‌ನಲ್ಲಿ ಎರಡನೇ, ಮೂರನೇ ಕೀಪರ್‌ಗಳನ್ನು ಎಷ್ಟು ಆಡಿಸಿದೆ ಎಂದು ನೋಡಿ ಬರೆ. ಇದು ಹುಡುಕಿದರೆ ಸಿಗುವ ಮಾಹಿತಿ. ಒಂದರ ಮುಂದೆ ಸೊನ್ನೆ ಬಂತು. ಇನ್ನೊಂದರ ಮುಂದೆ ಒಂದು ಕಪ್ ಪಂದ್ಯದ ತೊಂಬತ್ತು ನಿಮಿಷ. ಮೂರನೆಯದರ ಮುಂದೆ ಇಡೀ ಸೀಸನ್.

ಅವನು ಸೂಪರ್ ಡಿವಿಷನ್ ಆರಿಸಿದ. ಮೊದಲ ಪಂದ್ಯಗಳು ಚೆನ್ನಾಗಿರಲಿಲ್ಲ. ಒಂದು ಕಾರ್ನರ್‌ಗೆ ಅರ್ಧ ದಾರಿ ಬಂದು ನಿಂತ, ಗೋಲಾಯಿತು. ಗ್ಯಾಲರಿಯಿಂದ ಹಳೆಯ ಪರಿಚಯದವರೇ ಬೈದರು. ಆದರೆ ಮುಂದಿನ ಪಂದ್ಯಕ್ಕೂ ಅವನೇ ಕೀಪರ್. ವ್ಯತ್ಯಾಸ ಇದ್ದದ್ದು ಇಲ್ಲಿ. ಐಎಸ್‌ಎಲ್‌ನಲ್ಲಿ ಒಂದು ತಪ್ಪಿಗೆ ಪಟ್ಟಿಯಿಂದಲೇ ಹೋಗಿದ್ದ. ಇಲ್ಲಿ ತಪ್ಪಿನ ಮರುವಾರ ಅದೇ ತರದ ಚೆಂಡು ಮತ್ತೆ ಬಂತು, ಈ ಸಲ ಹಿಡಿದ. ಸೀಸನ್ ನಡುವಿನ ಹೊತ್ತಿಗೆ ರಾಜ್ಯ ಕ್ಯಾಂಪ್‌ಗೆ ಕರೆ ಬಂತು, ತಂಡದಲ್ಲಿ ಜಾಗವೂ ಸಿಕ್ಕಿತು. ಪ್ರಮಾಣಪತ್ರ ಕೈಗೆ ಬಂತು. 2025ರಲ್ಲಿ ಒಂದು ಇಲಾಖೆಯ ಟ್ರಯಲ್ಸ್‌ಗೆ ಹೋಗಿ ಆಯ್ಕೆಯಾದ.

ಇದನ್ನು ಗೆಲುವು ಅನ್ನಬೇಕೇ? ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇಪ್ಪತ್ತರಲ್ಲಿ ಅವನ ಕೈ ನೋಡಿದವರು ಭಾರತ ತಂಡದ ಮಾತಾಡುತ್ತಿದ್ದರು. ಕಲಿಯಬೇಕಾದ ಮೂರು ವರ್ಷ ಹೋದವು, ಅವು ಮರಳಿ ಬರುವುದಿಲ್ಲ. ಆದರೆ ಐಎಸ್‌ಎಲ್ ಕೂಡ ಗಟ್ಟಿ ನೆಲ ಆಗಿರಲಿಲ್ಲ. 2025ರ ಜುಲೈನಲ್ಲಿ ಲೀಗ್ ನಡೆಸುವ ಹಕ್ಕುಗಳ ಒಪ್ಪಂದದ ತಕರಾರಿನಿಂದ ಮುಂದಿನ ಸೀಸನ್ ತಡೆಹಿಡಿಯಲಾಯಿತು, ಆಟಗಾರರ ಸಂಬಳ ನಿಂತ ಸುದ್ದಿಗಳೂ ಬಂದವು. ಆ ತಿಂಗಳುಗಳಲ್ಲಿ ರಾಜುವಿಗೆ ಫೋನ್ ಮಾಡಿ ಇಲಾಖೆಯ ಟ್ರಯಲ್ಸ್ ಯಾವಾಗ ಎಂದು ಕೇಳಿದವರಲ್ಲಿ, ಹಿಂದೆ ಅವನನ್ನು ಅಣಕಿಸಿದವರೂ ಇದ್ದರು.

ಈ ಪ್ರಕರಣವನ್ನು ಕಿರಿಯ ಕೀಪರ್‌ಗಳ ಮನೆಯವರ ಜೊತೆ ಚರ್ಚಿಸುವಾಗ ನಾನು ಒತ್ತಿ ಹೇಳುವುದು ಗಾಯದ ಸಂಜೆಯ ಬಗ್ಗೆ. ಸುಳ್ಳು ಹೇಳುವ ಹುಡುಗನಲ್ಲ ರಾಜು. ಅವಕಾಶವೇ ಇಲ್ಲದ ಜಾಗದಲ್ಲಿ ಕೂತವನಿಗೆ ನೋವು ಮುಚ್ಚಿಡುವುದು ಜಾಣತನದಂತೆ ಕಂಡಿತು. ಪ್ರತಿ ವಾರ ಆಡುವವನಾಗಿದ್ದರೆ ಎರಡು ಪಂದ್ಯ ಬಿಟ್ಟು ಕೈ ತೋರಿಸಿಕೊಳ್ಳುತ್ತಿದ್ದ. ಹಾಗಾಗಿ ಬೆಂಚಿನ ಪ್ರಶ್ನೆ, ಗಾಯದ ಪ್ರಶ್ನೆ ಬೇರೆ ಬೇರೆ ಅಲ್ಲ. ಹುಡುಗ ಆಡದೇ ಇರುವ ಸೀಸನ್‌ನಲ್ಲಿ ಅವನ ಕೈಕಾಲು ಹೇಗಿದೆ ಎಂದು ಜಾಸ್ತಿ ವಿಚಾರಿಸಬೇಕು. ಕರಾರಿನಲ್ಲಿ ಸಂಬಳದ ಸಾಲಿನ ಜೊತೆಗೆ ಇನ್ನೆರಡು ವಿಷಯ ಬರೆಸಿಕೊಳ್ಳಬೇಕು: ರಾಜ್ಯ ಕ್ಯಾಂಪ್‌ಗೆ ಬಿಡುವುದು, ಮತ್ತು ಆಡಿಸದಿದ್ದರೆ ಬೇರೆ ಕ್ಲಬ್‌ಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಕಳಿಸುವುದು. ಕ್ಲಬ್ ಒಪ್ಪದಿರಬಹುದು. ಒಪ್ಪದಿದ್ದರೆ ಅಲ್ಲೇ ಒಂದು ಉತ್ತರ ಸಿಕ್ಕಿತಲ್ಲ.

ಇತ್ತೀಚೆಗೆ ಐ-ಲೀಗ್ ಕ್ಲಬ್ ಒಂದು ರಾಜುವನ್ನು ವಿಚಾರಿಸಿತ್ತು. ಇಲಾಖೆಯಿಂದ ರಜೆ ಪಡೆದು ಬರಬಹುದಾ ಎಂದು. ಎಷ್ಟು ಪಂದ್ಯ ಆಡಿಸುತ್ತೀರಿ, ಗಾಯವಾದರೆ ಖರ್ಚು ಯಾರದು, ಈ ಎರಡನ್ನೂ ಬರೆದು ಕಳಿಸಿ ಎಂದು ಅವನು ಕೇಳಿದ. ಸಂಬಳ ಎಷ್ಟು ಎಂಬುದನ್ನು ಮಾತ್ರ ಅವರು ಬರೆದು ಕಳಿಸಿದ್ದಾರೆ. ಇನ್ನೂ ಮಾತುಕತೆ ನಡೆಯುತ್ತಿದೆ.